ಗಾಣದ ಮನೆಯ ಸ್ಥಿತಿಗತಿ

ಮೊನ್ನೆ ಹಸುವಿಗೆಂದು ಮಗ ಸಂತೆಯಿಂದ ಹುಚ್ಚೆಳ್ಳು ಹಿಂಡಿ ತಂದು ಹಜಾರದಲ್ಲೇ ಇಳಿಸಿದ. ಚೀಲದ ಬಾಯಿ ಬಿಚ್ಚಿದ್ದೇ ತಡ, ಮನೆಯೆಲ್ಲ ಆ ಕಮಟು ವಾಸನೆ. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಎದ್ದು ಜಗುಲಿಗೆ ಬಂದು ಕೂತೆ. ಯಾಕೆ, ತಲೆನೋವೇ ಎಂದು ಕೇಳಿದರು. ತಲೆನೋವೂ ಅಲ್ಲ, ಮಣ್ಣೂ ಅಲ್ಲ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಒಂದು ಮನೆ ನೆನಪಾಗುತ್ತದೆ. ಆ ಮನೆಯಲ್ಲಿ ಕೂತು ನಾನು ಉಂಡದ್ದು, ಉಂಡು ಬಂದು ಬರೆದದ್ದು ನೆನಪಾಗುತ್ತದೆ. ಹೆಂಡತಿ ಇದ್ದಾಗ ಅವಳಿಗೆ ಒಂದು ಸಲ ಹೇಳಿದ್ದೆ. ಮಕ್ಕಳಿಗೆ ಹೇಳಿಲ್ಲ. ಈಗ ವಯಸ್ಸಾಯಿತು, ಬರೆದಿಟ್ಟುಬಿಡುತ್ತೇನೆ.

ಮಹಾರಾಜರ ಕಾಲ ಅದು. ನಾನು ಹಾರನಹಳ್ಳಿ ಹೋಬಳಿಯ ಶೇಕದಾರ. ಕಂದಾಯ ಇಲಾಖೆಯಲ್ಲಿ ಅದು ಕೆಳಗಿನ ಮೆಟ್ಟಿಲೇ, ಆದರೆ ಹಳ್ಳಿಯವರ ಕಣ್ಣಿಗೆ ಸರ್ಕಾರ ಎಂದರೆ ನಾನೇ. ವಯಸ್ಸು ಇಪ್ಪತ್ತನಾಲ್ಕು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪಿರಿಯಾಪಟ್ಟಣದ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸೈಕಲ್ಲಿನಲ್ಲಿ ಹೋಬಳಿ ಸುತ್ತುತ್ತಿದ್ದೆ. ನನ್ನ ಮೇಲಿನ ಅಧಿಕಾರಿ ಅಮಲ್ದಾರರು, ಅವರ ಕಚೇರಿ ಹುಣಸೂರಿನಲ್ಲಿ. ಲಂಚ ಮುಟ್ಟುತ್ತಿರಲಿಲ್ಲ, ಆ ಹೆಮ್ಮೆ ನನಗೆ ಬಹಳ ಇತ್ತು. ಕೈ ಚೊಕ್ಕವಾಗಿದ್ದವನು ತನ್ನ ಕಣ್ಣೂ ಚೊಕ್ಕವಾಗಿದೆ ಎಂದುಕೊಂಡುಬಿಡುತ್ತಾನೆ. ನಾನು ಹಾಗೆ ಅಂದುಕೊಂಡೇ ಆ ವರ್ಷದ ಜೂನ್ ತಿಂಗಳಿನ ಕಾಗದಗಳನ್ನು ಕೈಗೆ ತೆಗೆದುಕೊಂಡೆ.

ಆ ತಿಂಗಳು ಬರುತ್ತಿದ್ದವೆಲ್ಲ ಓದುವ ಹುಡುಗರ ಕಾಗದಗಳು. ಕಾಲೇಜು ಎಂದರೆ ನಮ್ಮ ಕಡೆಗೆಲ್ಲ ಮೈಸೂರೇ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ನಮ್ಮೂರು ಕೃಷ್ಣರಾಜನಗರ, ಎಲ್ಲಿಂದ ಹೊರಟರೂ ಅಲ್ಲಿಗೇ ಹೋಗಬೇಕು, ಅಲ್ಲೇ ಉಳಿಯಬೇಕು, ಅಲ್ಲೇ ಉಣ್ಣಬೇಕು. ಬಡವರ ಮಕ್ಕಳಿಗೆ ದಾರಿಯೇ ಇರಲಿಲ್ಲ ಎಂದು ಈಗಿನವರು ತಿಳಿದಿದ್ದಾರೆ. ಇತ್ತಪ್ಪ, ಬೇಕಾದಷ್ಟಿತ್ತು. ಫೀಜಿನಲ್ಲಿ ಅರ್ಧ ಮಾಫಿ, ಪೂರ್ತಿ ಮಾಫಿ ಇತ್ತು. ಹೆಚ್ಚು ನಂಬರು ತೆಗೆದವರಿಗೆ ಸರ್ಕಾರದ ಸ್ಕಾಲರ್‌ಷಿಪ್ಪು, ಹಿಂದುಳಿದ ಜನಾಂಗದವರಿಗೆ ಬೇರೆ, ಸಾಬರ ಮಕ್ಕಳಿಗೆ ಬೇರೆ. ಜನಾಂಗದ ಹಾಸ್ಟೆಲುಗಳಲ್ಲಿ ಒಂದಷ್ಟು ಬಿಟ್ಟಿ ಸೀಟು, ಮಠಗಳಲ್ಲಿ ಊಟ. ದೊಡ್ಡ ವರ್ತಕರು ತಂದೆ ತಾಯಿಯ ಹೆಸರಲ್ಲಿ ಇಟ್ಟ ದತ್ತಿ. ಯಾವುದೂ ಆಗದಿದ್ದರೆ ಕೆಲಸ ಸಿಕ್ಕಮೇಲೆ ತೀರಿಸುವ ಸಾಲದ ವೇತನ, ಅದಕ್ಕೆ ಜಮೀನಿದ್ದವರ ಜಾಮೀನು ಬೇಕು. ಇಷ್ಟೆಲ್ಲ ಬಾಗಿಲು ಇದ್ದವು, ನಿಜ. ಆದರೆ ಯಾವ ಬಾಗಿಲಿಗೆ ಹೋಗಿ ನಿಂತರೂ ಮೊದಲು ಕೇಳುತ್ತಿದ್ದದ್ದು ಒಂದೇ ಕಾಗದ: ಹುಡುಗನ ಮನೆಯ ಸ್ಥಿತಿಗತಿ ಏನು ಎಂದು ಶೇಕದಾರ ಹೋಗಿ ನೋಡಿ ಬರೆದ ವರದಿ. ಆ ವರದಿ ಬರೆಯುವವನು ನಾನು.

ಹಾಗೆ ಹಿಂದುಳಿದವರ ವಿದ್ಯಾರ್ಥಿವೇತನಕ್ಕೆ ಬಂದ ಅರ್ಜಿಗಳಲ್ಲಿ ಒಂದು ರುದ್ರಪ್ಪ ಎಂಬ ಹುಡುಗನದು. ಹಾರನಹಳ್ಳಿಗೆ ಎರಡು ಮೈಲಿ ಆಚೆಯ ಒಂದು ಸಣ್ಣ ಊರು. ಹೆಸರು ಬೇಡ, ಆ ಮನೆತನದವರು ಇನ್ನೂ ಇದ್ದಾರೆ. ಹುಣಸೂರಿನ ಹೈಸ್ಕೂಲಿನಲ್ಲಿ ನೆಂಟರ ಮನೆಯ ಮೂಲೆಯಲ್ಲಿದ್ದುಕೊಂಡು ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದ. ಹೆಡ್‌ಮಾಸ್ತರರು ಅರ್ಜಿಯ ಜೊತೆಗೆ ತಾವೇ ಒಂದು ಕಾಗದ ಇಟ್ಟಿದ್ದರು. ಈ ಹುಡುಗ ಇಂಟರ್‌ಮೀಡಿಯೆಟ್ಟಿಗೆ ಹೋಗದಿದ್ದರೆ ಅದು ನಮ್ಮ ಶಾಲೆಗೇ ನಷ್ಟ ಎಂದು ಬರೆದಿದ್ದರು. ತಂದೆಯ ಹೆಸರು ಚನ್ನಪ್ಪ, ಕಸುಬು ಗಾಣ. ಈಗ ಚನ್ನಪ್ಪನವರು ಎಂದು ಬರೆಯುತ್ತೇನೆ. ಆಗ ಅನ್ನಲಿಲ್ಲ. ಅವರಿಗೆ ಐವತ್ತು ದಾಟಿತ್ತು, ಆದರೂ ನಾನು ಏಕವಚನ, ಅವರು ನನಗೆ ಬುದ್ಧಿ. ಅದೇ ಆಗಿನ ರೂಢಿ.

ತಳವಾರನ ಕೈಲಿ ಮೊದಲೇ ಹೇಳಿಕಳಿಸಿದೆ, ಇಂಥಾ ದಿನ ಬರುತ್ತೇನೆ ಎಂದು. ಆರಿದ್ರೆ ಮಳೆ ಹಿಡಿದಿತ್ತು. ದಾರಿಯಲ್ಲಿ ಕೆಸರು ಮೆತ್ತಿ ಸೈಕಲ್ಲು ಉರುಳದೆ, ಮಧ್ಯಾಹ್ನ ಮುಟ್ಟಬೇಕಾದವನು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಒಂದು ಕಡೆ ಗಾಣ, ಕಲ್ಲಿನ ಒರಳಿನ ಸುತ್ತ ಎತ್ತು ತುಳಿದು ತುಳಿದು ಗುಂಡಗೆ ಸವೆದ ನೆಲ. ಇನ್ನೊಂದು ಕಡೆ ಇವರು ಇರುವ ಅಂಕಣ. ಅಂಗಳದಲ್ಲಿ ಕರು ಹಾಕಿದ ಎಮ್ಮೆ. ಒಳಗೆ ನಾಲ್ಕು ಮೂಲೆಯೂ ಮುಚ್ಚುವಂಥ ಕೆಂಪು ಜಮಖಾನ, ಅದರ ಮೇಲೆ ಕೈ ಇರುವ ಕುರ್ಚಿ. ಗೋಡೆಯ ಉದ್ದಕ್ಕೂ ಎಣ್ಣೆ ತುಂಬಿದ ಗಡಿಗೆಗಳು.

"ಬನ್ನಿ ಬುದ್ಧಿ, ಕೂತ್ಕಳಿ. ಮಳೇಲಿ ನೆಂದ್ಬುಟ್ಟಿದ್ದೀರಿ" ಎಂದರು ಚನ್ನಪ್ಪನವರು. ಅವರ ಹೆಂಡತಿ ಗೌರಮ್ಮ ಬಿಸಿನೀರು ತಂದಿಟ್ಟರು. ರುದ್ರಪ್ಪ ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ. ಎಣ್ಣೆಗಪ್ಪು ಹುಡುಗ, ಅಗಲವಾದ ಹಣೆ, ಕಣ್ಣು ನನ್ನ ಕೈಯಲ್ಲಿದ್ದ ಕಾಗದದ ಮೇಲೇ.

ನಾನು ಮಸಿಕುಡಿಕೆ ತೆಗೆದಿಟ್ಟುಕೊಂಡು ಕೇಳತೊಡಗಿದೆ.

"ಏನಪ್ಪ ಚನ್ನಪ್ಪ, ಜಮೀನು ಎಷ್ಟಿದೆ?"

"ಸಿವ ಮಡಗವ್ನೆ ಬುದ್ಧಿ."

"ಈ ಎಣ್ಣೆ ಎಲ್ಲ ನಿಂದೇನಾ?"

"ಎಲ್ಲಾ ನಿಮ್ಮ ಪಾದದ್ದೇ ಬುದ್ಧಿ."

"ದವಸಕ್ಕೆ ಏನಾದರೂ ತೊಂದರೆ ಇದೆಯೋ?"

ಅವರು ಗೌರಮ್ಮನ ಕಡೆ ನೋಡಿದರು. ಗೌರಮ್ಮ ಆಗತಾನೇ ದೀಪ ಹಚ್ಚಿ ತಂದು ಗೂಡಿನಲ್ಲಿ ಇಡುತ್ತಿದ್ದರು. "ಅಂಥಾ ಮಾತು ಈಗ್ಯಾಕೆ ಬುದ್ಧಿ. ಏಳಿ, ಬಾಳೆಲೆ ಹಾಕಿವ್ನಿ" ಎಂದರು. ದೀಪ ಹಚ್ಚಿದ ಹೊತ್ತಿನಲ್ಲಿ ಇಲ್ಲ ಎನ್ನಬಾರದು ಎಂಬುದು ನನಗೆ ಗೊತ್ತಿಲ್ಲದ್ದೇ? ನನ್ನ ತಾಯಿಯೂ ಅನ್ನುತ್ತಿರಲಿಲ್ಲ. ಆದರೆ ಕಾಗದದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಾವೂ ಶಿವಪೂಜೆಯವರೇ ಆದ್ದರಿಂದ ಊಟಕ್ಕೆ ಅಡ್ಡಿಯಿರಲಿಲ್ಲ. ಏಳುವ ಗಡಿಬಿಡಿಯಲ್ಲಿ ಕುಡಿಕೆ ಉರುಳಿ ಜಮಖಾನದ ಮೇಲೆ ಅಂಗೈಯಗಲ ಮಸಿ ಚೆಲ್ಲಿತು. ಗೌರಮ್ಮನ ಮುಖ ಬಿಳುಪೇರಿತು. ಚನ್ನಪ್ಪನವರು ಮಾತ್ರ "ಓಗ್ಲಿ ಬುಡಿ ಬುದ್ಧಿ, ಜಮಖಾನ ಏನು ಮಾ ದೊಡ್ಡದು" ಎಂದರು. ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು, ಆಮೇಲೆ ಅನ್ನ, ಕೆನೆಮೊಸರು. ಅಂಚಿಗೆ ಬೆಳ್ಳಿ ಕಟ್ಟಿದ ಲೋಟದಲ್ಲಿ ಹಾಲು. ಮನೆಯವರು ಹಾಕಿದಷ್ಟೂ ತುಪ್ಪ ಹಾಕಿಸಿಕೊಂಡೆ. ಆ ಹೋಬಳಿಯಲ್ಲಿ ಅಷ್ಟು ರುಚಿಯಾಗಿ ನಾನು ಉಂಡದ್ದಿಲ್ಲ.

ಮಾರನೆಯ ದಿನ ಕೋಣೆಯಲ್ಲಿ ಕೂತು ವರದಿ ಬರೆದೆ. ಯಾಕೆ ಹಾಗೆ ಬರೆದೆ ಎಂಬುದನ್ನು ಹೇಳಬೇಕಾದರೆ ನನ್ನ ಮನೆಯ ಮಾತು ಹೇಳಬೇಕು. ನಾನೂ ಹಿಂದುಳಿದವರ ವೇತನದಲ್ಲೇ ಓದಿದವನು. ನಮ್ಮಪ್ಪ ಜವಳಿ ಅಂಗಡಿಯ ಗುಮಾಸ್ತರು. ದೊಡ್ಡ ಕುಳ ಅಲ್ಲ, ಆದರೆ ಹೊತ್ತಿಗೆ ಊಟಕ್ಕೆ ಬರವಿರಲಿಲ್ಲ. ನನ್ನ ವಿಚಾರಣೆಗೆ ಶೇಕದಾರರು ಬರುತ್ತಾರೆ ಎಂದು ತಿಳಿದ ದಿನ ಅಪ್ಪ ಬೆಳಗ್ಗೆಯೇ ಹಿತ್ತಾಳೆ ಪಾತ್ರೆಯನ್ನೆಲ್ಲ ಚಿಕ್ಕಪ್ಪನ ಮನೆಗೆ ಸಾಗಿಸಿದರು. ಅಮ್ಮನಿಗೆ ಹರಕು ಸೀರೆ ಉಡಿಸಿದರು. ನನ್ನ ತಂಗಿಯ ಕಿವಿಯ ಓಲೆ ಬಿಚ್ಚಿಸಿದರು. ಬಂದ ಮಹಾರಾಯರು ಒಳಗೆ ಇಣುಕಿ ನೋಡಿ, ನಿಟ್ಟುಸಿರು ಬಿಟ್ಟು ಬರೆದುಕೊಂಡು ಹೋದರು. ನಾಲ್ಕು ವರ್ಷ ನಾನು ಆ ದುಡ್ಡಿನಲ್ಲಿ ಓದಿದೆ. ಹಾಗಾಗಿ ಅರ್ಜಿದಾರರೆಲ್ಲ ನಮ್ಮಪ್ಪನ ಹಾಗೇ ಬಚ್ಚಿಡುವವರು ಎಂಬುದು ನನ್ನ ಖಂಡಿತವಾದ ತಿಳುವಳಿಕೆ. ಬಚ್ಚಿಟ್ಟ ಮೇಲೂ ಈ ಗಾಣದ ಮನೆಯಲ್ಲಿ ಇಷ್ಟು ಕಾಣುತ್ತಿದ್ದರೆ, ಬಚ್ಚಿಟ್ಟದ್ದು ಎಷ್ಟಿರಬೇಕು ಎಂದು ಲೆಕ್ಕ ಹಾಕಿದೆ. ಅರ್ಜಿದಾರನ ತಂದೆ ಸ್ಥಿತಿವಂತ, ಎಮ್ಮೆ ಇದೆ, ಬೆಳ್ಳಿ ಸಾಮಾನಿದೆ, ಎಣ್ಣೆಯ ದಾಸ್ತಾನಿದೆ, ಸಹಾಯಕ್ಕೆ ಅರ್ಹನಲ್ಲ ಎಂದು ಬರೆದು, ಅಕ್ಷರ ಚೆನ್ನಾಗಿ ಬಂದಿದೆಯೇ ಎಂದು ಇನ್ನೊಂದು ಸಲ ನೋಡಿ, ಹುಣಸೂರಿಗೆ ಕಳಿಸಿದೆ.

ಅದಾಗಿ ಹತ್ತು ಹನ್ನೆರಡು ದಿನ ಕಳೆದಿರಬೇಕು. ಆರಿದ್ರೆ ಮುಗಿದು ಪುನರ್ವಸು ಹುಟ್ಟಿತ್ತು. ನನ್ನ ಕೊಡೆ ಮುರಿದು, ಪೇಟೆಯಲ್ಲಿ ಕರೀಂ ಸಾಬರ ಅಂಗಡಿಗೆ ಹೋದೆ. ಕಂಬಳಿ, ಜಮಖಾನ, ಕೊಡೆ ಮಾರುವ ಹಳೆಯ ಮನೆತನ ಅವರದು. ಮೆದು ಮಾತಿನ ಮನುಷ್ಯ, ಊರಿಗೆಲ್ಲ ಬೇಕಾದವರು. ಮಳೆ ಬಿಡುವು ಕೊಟ್ಟಿತ್ತು, ಅಂಗಡಿಯ ಮುಂದೆ ಹಗ್ಗದ ಮೇಲೆ ಒಂದು ಕೆಂಪು ಜಮಖಾನ ಒಣಹಾಕಿದ್ದರು. ಅದರ ಒಂದು ಮೂಲೆಯಲ್ಲಿ ಅಂಗೈಯಗಲ ಮಸಿ.

ನಾನು ಅದನ್ನೇ ನೋಡುತ್ತಾ ನಿಂತದ್ದು ಕಂಡು ಕರೀಂ ಸಾಬರು ನಕ್ಕರು. "ಅದು ನಿಮ್ಮದೇ ಮಸಿ ಸಾಹೇಬ್ರೆ. ಎರಡು ಸಲ ಒಗೆಸ್ದೆ, ಹೋಗ್ಲಿಲ್ಲ. ನನ್ನ ಮಗಳ ಮದುವೆಗೆ ಅಂತ ತಂದಿದ್ದು. ಇರ್ಲಿ ಬಿಡಿ, ಸರ್ಕಾರದ ಗುರುತು."

"ಇದು ಚನ್ನಪ್ಪನ ಮನೆಯದಲ್ಲವೇ?"

"ಚನ್ನಪ್ಪಂಗೆ ಎಲ್ಲಿಂದ ಬರ್ಬೇಕು ಜಮಖಾನ? ನಿಮ್ಮನ್ನ ಚಾಪೆ ಮೇಲೆ ಕೂರ್‌ಸಾಕಾಯ್ತದಾ ಅಂತ ಬಂದು ಕೇಳ್ದ, ಕೊಟ್ಟೆ. ಇಜ್ಜತ್ತಿನ ಮಾತಲ್ವಾ? ಕುರ್ಚಿ ಪಟೇಲರ ಮನೇದು, ಲೋಟ ಇನ್ಯಾರದೋ. ಎಮ್ಮೆ ಪಕ್ಕದ ಮನೆ ಮಲ್ಲಪ್ಪಂದು, ನಿಮಗೆ ನೊರೆಹಾಲು ಆಗ್ಲಿ ಅಂತ ತಂದು ಕಟ್ಟಿದ್ರು."

"ಎಣ್ಣೆ ಗಡಿಗೆ?"

"ಊರೋರು ಕಾಳು ಕೊಟ್ಟಿರ್ತಾರೆ, ಆಡಿಸಿ ಇಟ್ಟಿರ್ತಾನೆ. ಅವನಿಗೆ ಸಿಗೋದು ಹಿಂಡಿ, ಒಂದಿಷ್ಟು ಎಣ್ಣೆ. ಪಾಪದ ಮನುಷ್ಯ ಸಾಹೇಬ್ರೆ. ಹುಡುಗಂಗೆ ವೇತನ ಆಯ್ತಾ?"

ನಾನು ಕೊಡೆ ಕೊಳ್ಳದೆ ಬಂದುಬಿಟ್ಟೆ.

ಈಗ ಬರೆಯುವುದೇ ಕಷ್ಟದ ಮಾತು. ಆ ದಿನವೇ ಕೂತು, ನನ್ನ ವರದಿ ತಪ್ಪು ಎಂದು ಎರಡು ಸಾಲು ಗೀಚಿ ಹುಣಸೂರಿಗೆ ಓಡಬಹುದಾಗಿತ್ತು. ಓಡಲಿಲ್ಲ. ತಪ್ಪಾಯಿತು ಎಂದರೆ ಹೇಗಾಯಿತು ಎಂದು ಕೇಳುತ್ತಾರೆ. ವಿಚಾರಣೆಗೆ ಹೋದ ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಂಡೆ ಎಂದು ಒಪ್ಪಿಕೊಳ್ಳಬೇಕು. ಅದು ನಿಯಮಕ್ಕೆ ವಿರುದ್ಧ. ಖಾಯಂ ಆಗುವ ಕಾಗದ ಬೇರೆ ಅದೇ ತಿಂಗಳು ಹೊರಡುವುದಿತ್ತು. ಮಳೆ ಹಿಡಿದುಕೊಂಡಿದೆ, ನಾಳೆ ಹೋಗೋಣ ಎಂದುಕೊಂಡೆ. ನಾಳೆಯೂ ಮಳೆ. ಹೀಗೆ ಎಂಟು ದಿನ. ಹೋಬಳಿ ಸುತ್ತುವುದಕ್ಕೆ ಆ ಮಳೆ ನನಗೆ ಅಡ್ಡಿಯಾಗಲಿಲ್ಲ, ಹುಣಸೂರಿಗೆ ಹೋಗುವುದಕ್ಕೆ ಮಾತ್ರ ಆಯಿತು. ಹೇಡಿತನಕ್ಕೆ ಮಳೆಯ ಹೆಸರು ಕೊಟ್ಟೆ, ಅಷ್ಟೇ. ಒಂಬತ್ತನೆಯ ದಿನ ಬೆಳಗ್ಗೆ ಎದ್ದು ಸೈಕಲ್ಲು ಹತ್ತಿದೆ.

ಅಮಲ್ದಾರರು ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ಪಟ್ಟಿ ಸೋಮವಾರ ಮೈಸೂರಿಗೆ ಹೋಯಿತಲ್ಲಯ್ಯ. ಒಂದು ವಾರದ ಕೆಳಗೆ ಬಂದಿದ್ದರೆ ನಾನೇ ತಿದ್ದಿ ಕಳಿಸುತ್ತಿದ್ದೆ. ಈಗ ಆ ಜಾಗಕ್ಕೆ ಬೇರೆ ಹುಡುಗನನ್ನು ಹಾಕಿಯಾಗಿದೆ. ಅವನೂ ಬಡವನೇ ಇರಬೇಕು, ಕಿತ್ತುಕೊಳ್ಳೋಕಾಗತ್ತಾ?" ಎಂದರು. ಆಮೇಲೆ, "ನೀನು ಉಂಡದ್ದು ನನ್ನ ಕಿವಿಗೆ ಬೀಳಲಿಲ್ಲ. ಹುಡುಗ ಬರೋ ವರ್ಷ ಮತ್ತೆ ಹಾಕಲಿ" ಎಂದು ಕನ್ನಡಕ ಹಾಕಿಕೊಂಡರು. ನನ್ನ ಕೆಲಸ ಆ ತಿಂಗಳು ಖಾಯಂ ಆಯಿತು.

ಹುಣಸೂರಿನಿಂದ ನೆಟ್ಟಗೆ ಗಾಣದ ಮನೆಗೆ ಹೋದೆ. ಈ ಸಲ ಹೇಳಿಕಳಿಸಿರಲಿಲ್ಲ. ಹಗಲು ಹೊತ್ತು. ಅಂಗಳದಲ್ಲಿ ಎಮ್ಮೆ ಇರಲಿಲ್ಲ, ಒಳಗೆ ಕುರ್ಚಿ ಇರಲಿಲ್ಲ. ಬಳಿದಿದ್ದ ಸುಣ್ಣ ಮಳೆಗೆ ಇಳಿದುಹೋಗಿ ಕೆಮ್ಮಣ್ಣು ಕಾಣುತ್ತಿತ್ತು. ಗೌರಮ್ಮ ಗಡಬಡಿಸಿ ಚಾಪೆ ಕೊಡವಿ ಹಾಕಿದರು. ನಾನು ನಿಂತೇ ಎಲ್ಲ ಹೇಳಿದೆ. ಏನು ಬರೆದೆ, ಯಾಕೆ ಬರೆದೆ, ಯಾವಾಗ ತಿಳಿಯಿತು, ಎಷ್ಟು ದಿನ ಸುಮ್ಮನಿದ್ದೆ. ಹೇಳುವಾಗ ನನಗೇ ತಿಳಿಯದೆ ನೀವು ಎಂದು ಮಾತಾಡುತ್ತಿದ್ದೆ.

ಚನ್ನಪ್ಪನವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಅಲ್ಲ ಬುದ್ಧಿ, ನೀವು ಬರೋದು ಹುಡುಗನ ಓದ್ಗೆ ಅಂತ್ಲೇ ಅಲ್ವಾ ನಾವು ಅಷ್ಟು ಮಾಡಿದ್ದು? ನಿಮಗೇನಾರ ಕಮ್ಮಿ ಆದ್ರೆ ಅವನ ಕೆಲಸ ಕೆಡ್ತದೆ ಅಂತ ಊರೋರೆಲ್ಲ ಸೇರ್ಕಂಡ್ ಮಾಡುದ್ರು."

"ಅದೇ ತಪ್ಪಾಯಿತು ಚನ್ನಪ್ಪ. ನಾನು ನಿಮ್ಮ ಬಡತನ ನೋಡೋಕೆ ಬಂದಿದ್ದೆ."

"ಬಡ್ತನ ಏನ್ ನೋಡದು ಬುದ್ಧಿ?" ಎಂದರು ಅವರು. ಕೋಪವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ನನ್ನ ಸಂಬಳದಲ್ಲಿ ತಿಂಗಳು ತಿಂಗಳೂ ಕೊಡುತ್ತೇನೆ, ಹುಡುಗನನ್ನು ಈಗಲೇ ಕಳಿಸಿ, ಕಾಲೇಜು ತೆರೆದು ಇನ್ನೂ ಹೆಚ್ಚು ದಿನವಾಗಿಲ್ಲ ಎಂದೆ. ಬೇಡಿಕೊಂಡೆ ಎಂದರೂ ತಪ್ಪಿಲ್ಲ. ಚನ್ನಪ್ಪನವರು ಕಿವಿಯೇ ಕೊಡಲಿಲ್ಲ. "ನಮ್ಮ ಅಟ್ಟೀಲಿ ಉಂಡೋರು ನೀವು. ಉಂಡೋರ ತಾವ ಕಾಸು ಈಸ್ಕಂಡ್ರೆ ಊಟ ಮಾರ್ದಂಗೆ ಆಯ್ತದೆ. ಅದೊಂದು ಮಾತ್ರ ಅನ್ಬ್ಯಾಡಿ" ಎಂದರು. ಗೌರಮ್ಮ ಒಳಗಿನಿಂದ, "ಅವತ್ತು ಒಟ್ಟೆ ತುಂಬ ಉಂಡ್ರಲ್ಲ, ಅಷ್ಟು ಸಾಕು ಬುಡಿ ಬುದ್ಧಿ" ಎಂದರು. ಆಯಮ್ಮ ಚುಚ್ಚಬೇಕೆಂದು ಅಂದದ್ದಲ್ಲ. ಆದರೆ ನನಗೆ ಚುಚ್ಚಿದ್ದು ಇವತ್ತಿಗೂ ಹೋಗಿಲ್ಲ.

ಹೊರಗೆ ಬಂದಾಗ ರುದ್ರಪ್ಪ ಸೈಕಲ್ಲಿನ ಹತ್ತಿರ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಮೈಸೂರಿಗೆ ತಾನೇ ಹೋಗಿ ಬಂದದ್ದನ್ನು ಆಗ ಹೇಳಿದ. ಹಾಸ್ಟೆಲಿನಲ್ಲಿ ಬಿಟ್ಟಿ ಸೀಟು ಕೇಳಿದರೆ ಸ್ಥಿತಿಗತಿ ವರದಿಯ ನಕಲು ತಾ ಎಂದರಂತೆ. ದತ್ತಿಯವರೂ ಅದನ್ನೇ ಕೇಳಿದರಂತೆ. ಸಾಲದ ವೇತನಕ್ಕೆ ಜಾಮೀನು ನಿಲ್ಲುವಂಥ ಜಮೀನ್ದಾರರು ಇವರಿಗೆ ಯಾರೂ ಇಲ್ಲ. ಹೇಳುತ್ತಾ ಹೇಳುತ್ತಾ ಇದ್ದಕ್ಕಿದ್ದಂತೆ ಕೇಳಿದ: "ನೀವು ಯಾವ ವೇತನದಲ್ಲಿ ಓದಿದ್ರಿ ಸಾರ್?"

"ಇದೇ ವೇತನದಲ್ಲಿ."

"ನಿಮ್ಮ ಮನೆಗೆ ಬಂದೋರು ಉಂಡಿದ್ರಾ?"

"ಇಲ್ಲ" ಎಂದೆ. ಅವನು ತಲೆಯಾಡಿಸಿದ. ಪಾತ್ರೆ ಸಾಗಿಸಿದ ಕಥೆ ಹೇಳುವ ಧೈರ್ಯ ನನಗಾಗಲಿಲ್ಲ.

ಆ ವರ್ಷವೆಲ್ಲ ರುದ್ರಪ್ಪ ಗಾಣದ ಹಿಂದೆಯೇ ಇದ್ದ. ಮಳೆಗಾಲ ಕಳೆದು ಹೊಲಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟು, ಕೊಯ್ಲಾಗಿ, ಚಳಿಗೆ ಕಾಳು ಬರತೊಡಗಿದ ಮೇಲೆ ಬೆಳಗಿನಿಂದ ಬೈಗಿನವರೆಗೂ ಎತ್ತು ಸುತ್ತುತ್ತಲೇ ಇತ್ತು. ಆ ದಾರಿಯಲ್ಲಿ ನನಗೆ ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ. ಗಾಣದ ಕಿರುಗುಟ್ಟುವ ಸದ್ದು ಊರಾಚೆಗೇ ಕೇಳುತ್ತಿತ್ತು. ಮೊಣಕೈವರೆಗೆ ಎಣ್ಣೆ ಮೆತ್ತಿದ ಹುಡುಗ ಒರಳಿನಿಂದ ಹಿಂಡಿ ಕೆರೆದು ತೆಗೆಯುತ್ತಿದ್ದ. ಮೊದಮೊದಲು ನನ್ನನ್ನು ಕಂಡರೆ ಕಾಲೇಜಿನ ಮಾತು ಎತ್ತುತ್ತಿದ್ದ. ಯಾವ ಪುಸ್ತಕ, ಏನು ಪಾಠ ಎಂದು ಕೇಳುತ್ತಿದ್ದ. ನನ್ನ ಹಳೆಯ ಪುಸ್ತಕ ಒಂದೆರಡು ಕೊಟ್ಟೆ, ಅದಕ್ಕೆ ಚನ್ನಪ್ಪನವರು ಬೇಡ ಎನ್ನಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೇಳುವುದು ನಿಂತಿತು. ಶಿವರಾತ್ರಿ ಕಳೆದ ಮೇಲೆ ಮದುವೆಯ ಮಾತು ಬಂತು, ರಾವಂದೂರಿನ ಕಡೆಯಿಂದ ಯಾರೋ ಬಂದು ನೋಡಿಕೊಂಡು ಹೋಗಿದ್ದಾರೆ ಎಂದು ಕರೀಂ ಸಾಬರೇ ಹೇಳಿದರು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಈ ಹುಡುಗ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಖಚಿತವಾಯಿತು. ಕಾರಣ ಯಾರು ಎಂಬುದೂ ಗೊತ್ತಿತ್ತು.

ಹೊಸ ಅರ್ಜಿ ನಾನೇ ತಂದು ನಾನೇ ತುಂಬಿದೆ. ಅಮಲ್ದಾರರು ಅದನ್ನು ನೋಡಿ ಹುಬ್ಬು ಗಂಟು ಹಾಕಿದರು. "ಒಂದೇ ಮನೆಗೆ ಎರಡು ವರದಿ. ಹೋದ ವರ್ಷ ಸ್ಥಿತಿವಂತ, ಈ ವರ್ಷ ಕಡುಬಡವ. ಎರಡಕ್ಕೂ ಸಹಿ ನಿನ್ನದೇ. ಮೈಸೂರಿನಲ್ಲಿ ಯಾವುದನ್ನು ನಂಬಬೇಕು? ಊರವರನ್ನು ಸೇರಿಸಿ, ಅವರ ಎದುರಿಗೇ ಒಂದೊಂದಾಗಿ ಕೇಳಿ ಬರೆದು, ಐದು ಜನರ ಸಹಿ ಹಾಕಿಸಿ ಮಹಜರು ತಾ. ಹಾಗಿದ್ದರೆ ನಡೆಯುತ್ತದೆ" ಎಂದರು. ನಾನು ಮೊದಲನೆಯ ಸಲ ಸರಿಯಾಗಿ ನೋಡಿದ್ದರೆ ನಾಲ್ಕು ಸಾಲಿನಲ್ಲಿ, ಯಾರ ಕಿವಿಗೂ ಬೀಳದ ಹಾಗೆ ಮುಗಿಯುತ್ತಿದ್ದ ಕೆಲಸ ಅದು.

ಚನ್ನಪ್ಪನವರಿಗೆ ಹೋಗಿ ಹೇಳಿದೆ. ಯಾರ ಮನೆಯಿಂದಲೂ ಏನೂ ತರಬಾರದು. ಕುರ್ಚಿ ಬೇಡ, ಚಾಪೆಯೂ ಬೇಡ. ಊಟದ ಮಾತೇ ಇಲ್ಲ.

"ನೀರು?"

"ನೀರೂ ಬೇಡ."

ಅವರು ಗಾಣದ ಒರಳಿಗೆ ಮೆತ್ತಿದ್ದ ಹಿಂಡಿಯನ್ನು ಬೆರಳಿನಿಂದ ಕೆರೆದರು. "ಆಗ್ಲಿ ಬುದ್ಧಿ. ಅವನು ಎಷ್ಟ್ ದಿನ ಅಂತ ಎತ್ತಿನ ಇಂದೆ ಸುತ್ತಾನು" ಎಂದರು.

ವೇತನ ಮಂಜೂರಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಫೀಜು ಮಾಫಿ, ಹಾಸ್ಟೆಲಿನಲ್ಲಿ ಸೀಟು, ತಿಂಗಳಿಗೆ ಕೈಖರ್ಚು. ಹುಡುಗ ಹೋದ, ಓದಿದ, ತನ್ನ ಪಾಡಿಗೆ ತಾನು ಮೇಲೆ ಬಂದ. ಅದಕ್ಕೆ ನಾನು ಕಾರಣ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ.

ಮಹಜರಿನ ದಿನ ಮೋಡವಿತ್ತು, ಮಳೆ ಇರಲಿಲ್ಲ. ಬೆಳಗಿನ ಹೊತ್ತು. ಗಾಣ ನಿಲ್ಲಿಸಿದ್ದರು. ಬೀದಿಯವರೆಲ್ಲ ಬಂದು ಅಂಗಳದಲ್ಲಿ ನಿಂತಿದ್ದರು. ಹೋದ ವರ್ಷ ತುಪ್ಪ ಕೊಟ್ಟವರು, ಲೋಟ ಕೊಟ್ಟವರು, ಎಮ್ಮೆ ಕೊಟ್ಟ ಮಲ್ಲಪ್ಪ, ಕುರ್ಚಿ ಕಳಿಸಿದ ಪಟೇಲರು. ಮನೆಯ ಬಾಗಿಲು ತೆಗೆದಿತ್ತು. ಒಳಗೆ ಎರಡು ಮಣ್ಣಿನ ಗಡಿಗೆ, ಒಂದು ಒನಕೆ, ಮೂಲೆಯಲ್ಲಿ ಸುತ್ತಿಟ್ಟ ಕಂಬಳಿ. ಗೌರಮ್ಮ ಕಾಣಲಿಲ್ಲ, ಬಾಗಿಲ ಹಿಂದೆ ಬಳೆಯ ಸದ್ದು ಮಾತ್ರ ಕೇಳಿಸಿತು. ರುದ್ರಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಆ ಕಡೆ ಮುಖ ಮಾಡಿ ನಿಂತಿದ್ದ. ನಾನು ನಿಂತುಕೊಂಡೇ, ಹಲಗೆಯ ಮೇಲೆ ಕಾಗದ ಇಟ್ಟು ಕೇಳಿದೆ.

"ಜಮೀನು?"

"ಇಲ್ಲ ಬುದ್ಧಿ."

"ಎಮ್ಮೆ, ಹಸು?"

"ಇಲ್ಲ."

"ಅವತ್ತಿನ ಎಮ್ಮೆ ನಂದು" ಎಂದ ಮಲ್ಲಪ್ಪ, ನೆಲ ನೋಡುತ್ತಾ. ಪಟೇಲರು ಕುರ್ಚಿ ತಮ್ಮದು ಎಂದರು. ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಸಾಮಾನು ಹೇಳಿದರು. ನಾನು ಅದನ್ನೆಲ್ಲ ಬರೆದುಕೊಂಡೆ, ಬರೆದುಕೊಳ್ಳದೆ ವಿಧಿಯಿರಲಿಲ್ಲ.

"ಬೆಳ್ಳಿ, ಬಂಗಾರ?"

"ಇಲ್ಲ."

"ಎಣ್ಣೆ?"

"ಊರೋರ್ದು."

"ಮನೇಲಿ ದವಸ?"

ಇದೊಂದಕ್ಕೆ ಅವರು ಬಾಗಿಲ ಕಡೆ ತಿರುಗಿ ನೋಡಿದರು. ಒಳಗೆ ಬಳೆ ಸದ್ದು ನಿಂತಿತು. "ಇಲ್ಲ ಬುದ್ಧಿ. ನೆನ್ನೆಯಿಂದ ಇಲ್ಲ" ಎಂದರು, ಬೀದಿಗೆಲ್ಲ ಕೇಳುವ ಹಾಗೆ. ನಾನು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು, ಓದಿದೆ. ಐದು ಜನ ಬಂದು ಸಹಿಯೋ ಹೆಬ್ಬೆಟ್ಟೋ ಒತ್ತಿದರು. ಒತ್ತಿದವರು ಒತ್ತಿದ ಹಾಗೇ ಹೊರಟುಹೋದರು. ಯಾರೂ ಚನ್ನಪ್ಪನವರ ಮುಖ ನೋಡಲಿಲ್ಲ.

ರುದ್ರಪ್ಪನೂ ಎತ್ತು ಹೊಡೆದುಕೊಂಡು ಹೋದ. ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ನನ್ನ ಬಾಯಿ ಒಣಗಿತ್ತು. ಅವರು ಕೇಳಿದರು: "ಇನ್ನೇನಾರ ಬರ್ಕೋಬೇಕಾ ಬುದ್ಧಿ?"

"ಏನೂ ಇಲ್ಲ ಚನ್ನಪ್ಪನವರೇ. ಆಯಿತು. ಇನ್ನು ನಾನು ಹೊರಡುತ್ತೇನೆ."

"ಓಗಿ ಬುದ್ಧಿ" ಎಂದರು.

ನಮ್ಮ ಕಡೆ ಜಗಳವಾಡಿಕೊಂಡು ಹೊರಟವನಿಗೂ ಹೋಗಿ ಬನ್ನಿ ಎನ್ನುತ್ತಾರೆ. ಬರಿದೇ ಹೋಗಿ ಎಂದು ನನಗೆ ಅದಕ್ಕೆ ಮೊದಲು ಯಾರೂ ಅಂದಿರಲಿಲ್ಲ, ಆಮೇಲೂ ಅಂದಿಲ್ಲ. ಉಳಿದ ಮಾತು ಈಗ ಬರುತ್ತದೆ ಎಂದು ಸೈಕಲ್ಲಿನ ಹಿಡಿ ಹಿಡಿದುಕೊಂಡು ಒಂದು ಗಳಿಗೆ ನಿಂತೆ. ಚನ್ನಪ್ಪನವರು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು.